ಅಣ್ಣಾಜಯ್ಯನ ಅಚ್ಚುಕಟ್ಟು ದಫ್ತರ

"ಯಮಧರ್ಮನೇ ಬಂದು ಕೇಳಲಿ, ನನ್ನ ದಫ್ತರ ತೋರಿಸಿದರೆ ಕೋಣ ತಿರುಗಿಸಿಕೊಂಡು ಹೋಗಬೇಕು!"

ಮಾಳಿಗೆದುರ್ಗದ ದೊರೆ ಕೆಂಚನಾಯಕನ ಓಲಗದಲ್ಲಿ ಹೀಗೆ ಎದೆ ತಟ್ಟಿಕೊಂಡವನು ಅಣ್ಣಾಜಯ್ಯ. ಅರಮನೆಗೆ ದುಡಿದು ಮುಪ್ಪಾದವರಿಗಾಗಿ ದೊರೆ ಕಟ್ಟಿಸಿದ್ದ ಆರೈಕೆಮನೆಗೆ ಅವನೇ ಪಾರುಪತ್ಯಗಾರ. ಅಲ್ಲಿ ಮುದುಕರು ದಿನದಿನಕ್ಕೆ ಸೊರಗುತ್ತಿದ್ದರು, ಅಣ್ಣಾಜಯ್ಯ ದಿನದಿನಕ್ಕೆ ಉಬ್ಬುತ್ತಿದ್ದ.

ಎದುರಿಗೆ ನಿಂತಿದ್ದವಳು ಸಂಕವ್ವ, ದಂಡಿನ ಡೇರೆ ಹೊಲಿಯುವವಳು. ಅವಳ ತಾಯಿ ತಿಮ್ಮವ್ವನೂ ಅದೇ ಕೆಲಸದಲ್ಲಿ ಕಣ್ಣು ಕಳೆದುಕೊಂಡು, ಈಗ ಆರೈಕೆಮನೆಯಲ್ಲಿ ಹಾಸಿಗೆ ಹಿಡಿದಿದ್ದಳು. ದಂಡಿನ ಜೊತೆ ಹೋಗಿದ್ದ ಸಂಕವ್ವ ದಸರೆ ಕಳೆದ ಮೇಲೆ ಬಂದು ನೋಡಿದರೆ, ತಾಯಿಯ ಬೆನ್ನೆಲ್ಲ ಹುಣ್ಣು.

"ಮಗ್ಗುಲು ಬದಲಿಸುವವರಿಲ್ಲದೆ ಮಲಗಿದಲ್ಲೇ ಕೊಳೆಯುತ್ತಿದ್ದಾಳೆ, ಬುದ್ಧಿ!"

"ಶುದ್ಧ ಸುಳ್ಳು!" ಅಣ್ಣಾಜಯ್ಯ ಗುಡುಗಿದ. "ಮುದಿ ಚರ್ಮ, ತಾನಾಗಿ ಒಡೆದಿದೆ. ದಫ್ತರ ನೋಡಿ ದೊರೆಗಳೇ. ನೀವು ಕಟ್ಟಿಸಿದ ಆರೈಕೆಮನೆಯ ಹೆಸರಿಗೇ ಇವಳು ಮಸಿ ಬಳಿಯುತ್ತಿದ್ದಾಳೆ, ಇವಳ ತಾಯಿಯನ್ನು ಇವತ್ತೇ ಬೀದಿಗೆ ಹಾಕಲು ಅಪ್ಪಣೆಯಾಗಬೇಕು."

ದೊರೆ ಪುಟ ತಿರುವಿದ. "ಏನಮ್ಮ, ಇಲ್ಲಿ ಎಲ್ಲ ಸರಿಯಾಗೇ ಇದೆಯಲ್ಲ? ಬರೆದದ್ದನ್ನು ಬಿಟ್ಟು ನಿನ್ನ ಕಣ್ಣೀರು ನಂಬಲೇ?"

ಮೂಲೆಯಲ್ಲಿ ಕೂತು ಎಲೆಯಡಿಕೆ ಮೆಲ್ಲುತ್ತಿದ್ದ ಬೊಮ್ಮಕ್ಕನಿಗೆ ಮೈಯುರಿಯಿತು. ಅರಮನೆ ಬಾಗಿಲಲ್ಲಿ ಮಜ್ಜಿಗೆ ಮಾರುತ್ತಿದ್ದವಳು ಅವಳು. ಒಮ್ಮೆ ದೊರೆಗೇ ಎದುರುತ್ತರ ಕೊಟ್ಟು, ಆ ಉತ್ತರದ ರುಚಿಯಿಂದಲೇ ಓಲಗದಲ್ಲಿ ಜಾಗ ಗಿಟ್ಟಿಸಿದ್ದಳು. ಈ ಅಣ್ಣಾಜಯ್ಯನಿಗೆ ಹೊಡೆಯಬೇಕಾದರೆ ಅವನ ದಫ್ತರದಿಂದಲೇ ಹೊಡೆಯಬೇಕು ಅಂದುಕೊಂಡಳು.

"ಕಣ್ಣೀರು ಬೇಡ ಬುದ್ಧಿ, ನಾನೂ ಬರೆದದ್ದನ್ನೇ ನಂಬುವವಳು. ಅದನ್ನು ಇತ್ತ ಕೊಡಿಸಿ." ದಫ್ತರ ಕೈಗೆ ಬಂತು. "ಅಬ್ಬಬ್ಬಾ, ಮುತ್ತು ಪೋಣಿಸಿದ ಹಾಗಿದೆ! ಅಣ್ಣಾಜಯ್ಯನವರೇ, ಎಲ್ಲ ನಿಮ್ಮ ಕೈಬರಹವೇ?"

"ಮತ್ತೆ? ಬೇರೆಯವರಿಗೆ ನಾನು ಲೇಖನಿ ಮುಟ್ಟಿಸುವುದಿಲ್ಲ."

"ದೊರೆಗಳ ಕಟ್ಟಳೆ ಏನು ಹೇಳುತ್ತೆ?"

ಅಣ್ಣಾಜಯ್ಯ ಮಗ್ಗಿ ಒಪ್ಪಿಸಿದಂತೆ ಒಪ್ಪಿಸಿದ: "ಹಾಸಿಗೆ ಹಿಡಿದವರನ್ನು ಜಾವಕ್ಕೊಮ್ಮೆ ಮಗ್ಗುಲು ಬದಲಿಸಬೇಕು. ಬದಲಿಸಿದ ಕೂಡಲೇ, ಹಾಸಿಗೆಯ ಪಕ್ಕದಲ್ಲೇ ನಿಂತು, ಈ ದಫ್ತರದಲ್ಲೇ ಬರೆಯಬೇಕು."

"ಪಾಪ, ನಿಮಗೂ ನೂರೆಂಟು ಕೆಲಸ. ಒಮ್ಮೊಮ್ಮೆ ಎರಡು ದಿನ ಬಿಟ್ಟು, ನೆನಪು ಮಾಡಿಕೊಂಡು ಬರೆದದ್ದೂ ಇರಬಹುದು..."

"ಯಾರ ಹತ್ತಿರ ಮಾತಾಡುತ್ತಿದ್ದೀಯ ಬೊಮ್ಮಕ್ಕ? ಮುದುಕಿ ಆ ಮಗ್ಗುಲಿಗೆ ಹೊರಳುವಷ್ಟರಲ್ಲಿ ನನ್ನ ಮಸಿ ಒಣಗಿರುತ್ತದೆ!"

"ಮುಂಚೆಯೇ ಬರೆದಿಡುವುದು? ಚೀಟಿಯಲ್ಲಿ ಗೀಚಿಕೊಂಡು ಆಮೇಲೆ ಇಳಿಸುವುದು?"

"ಛೀ! ಅದೆಲ್ಲ ಮೈಗಳ್ಳರ ಕೆಲಸ."

ಬೊಮ್ಮಕ್ಕ ಒಂದು ಪುಟ ಹುಡುಕಿ ದೊಡ್ಡ ದನಿಯಲ್ಲಿ ಓದಿದಳು. "'ಮಹಾನವಮಿ. ತಿಮ್ಮವ್ವನಿಗೆ ಬಿಸಿನೀರಲ್ಲಿ ಮೈ ಒರೆಸಿದ್ದಾಯಿತು. ಜಾವಜಾವಕ್ಕೂ ಮಗ್ಗುಲು ಬದಲಿಸಿದ್ದಾಯಿತು. ಮುದುಕಿ ಹರಸಿದಳು.' ಹಿಂದಿನ ದಿನ, ದುರ್ಗಾಷ್ಟಮಿ. ಆವತ್ತೂ ಇದೇ, ಹರಸಿದ್ದೂ ಸೇರಿ. ಬುದ್ಧಿ, ದಸರೆಯಲ್ಲಿ ಸರಸ್ವತಿ ಕೂರಿಸಿದಾಗ ಊರಿನ ದಫ್ತರಗಳನ್ನೆಲ್ಲ ಏನು ಮಾಡುತ್ತೇವೆ?"

"ಅದೇನು ಕೇಳುವ ಮಾತೇ? ಸಪ್ತಮಿಯಂದೇ ಅರಮನೆಯ ಪೂಜೆಮನೆಗೆ ತಂದು ದೇವಿಯ ಮುಂದೆ ಇಡುತ್ತೇವೆ. ವಿಜಯದಶಮಿಯವರೆಗೆ ಯಾರೂ ಪುಸ್ತಕ ಬಿಡಿಸುವಂತಿಲ್ಲ, ಲೇಖನಿ ಮುಟ್ಟುವಂತಿಲ್ಲ. ಬೀಗದ ಕೈ ನನ್ನ ಸೊಂಟದಲ್ಲೇ..." ದೊರೆಯ ಮಾತು ಅಲ್ಲೇ ನಿಂತಿತು.

"ಹೌದು, ಈ ದಫ್ತರವೂ ಅಲ್ಲೇ ಇತ್ತು. ರಟ್ಟಿನ ಮೇಲೆ ಪೂಜೆಯ ಅರಿಶಿನ ಕುಂಕುಮ ಇನ್ನೂ ಹೋಗಿಲ್ಲ, ನೋಡಿ. ದಫ್ತರ ನಿಮ್ಮ ಬೀಗದೊಳಗೆ, ಅಣ್ಣಾಜಯ್ಯನವರು ಮುದುಕಿಯ ಪಕ್ಕದಲ್ಲಿ. ಆದರೂ ಅಲ್ಲಿಂದಲೇ ಬರೆದಿದ್ದಾರೆ. ಕೈ ಎಷ್ಟು ಉದ್ದವಿರಬೇಕು!"

ಓಲಗವೇ ಘೊಳ್ಳೆಂದಿತು. ಅಣ್ಣಾಜಯ್ಯ ಥಟ್ಟನೆ ದಫ್ತರಕ್ಕೆ ಕೈಮುಗಿದ.

"ಅದು... ತಾಯಿ ಸರಸ್ವತಿಯೇ ನನ್ನ ಮೇಲಿನ ಕರುಣೆಯಿಂದ ಬರೆದಿರಬೇಕು!"

"ಬರೆಯುವಷ್ಟು ಬಿಡುವಿದ್ದ ತಾಯಿ ಮುದುಕಿಯನ್ನು ಹೊರಳಿಸಿಯೇ ಹೋಗುತ್ತಿದ್ದಳು! ಆಕೆ ಹೆಂಗಸು ಕಣಯ್ಯ. ಕೆಲಸ ಮಾಡದೆ, ಆಯಿತು ಅಂತ ಬರೆದಿಡುವುದು ನಿನ್ನಂಥ ಗಂಡಸರ ವಿದ್ಯೆ."

ದೊರೆ ಪೇಟ ಜಾರುವಷ್ಟು ನಕ್ಕ. ನಗು ನಿಂತ ಮೇಲೆ ಮುಖ ಗಂಟಿಕ್ಕಿ ಅಪ್ಪಣೆ ಮಾಡಿದ: ತಿಮ್ಮವ್ವನನ್ನು ಈಗಲೇ ಅರಮನೆ ವೈದ್ಯರ ಮನೆಗೆ ಸಾಗಿಸಬೇಕು, ಹುಣ್ಣು ಮಾಯುವವರೆಗೆ ಸಂಕವ್ವ ಸಂಬಳದ ಮೇಲೆ ತಾಯಿಯ ಹತ್ತಿರವೇ ಇರಬೇಕು, ಪಾರುಪತ್ಯ ಕಳೆದುಕೊಂಡ ಅಣ್ಣಾಜಯ್ಯ ಅದೇ ಆರೈಕೆಮನೆಯಲ್ಲಿ ಜಾವಕ್ಕೊಮ್ಮೆ ಮುದುಕರನ್ನು ತನ್ನ ಕೈಯಾರೆ ಹೊರಳಿಸಬೇಕು.

ಸಂಕವ್ವ ಸೆರಗಲ್ಲಿ ಕಣ್ಣೊರೆಸಿಕೊಂಡು ತಾಯಿಯ ಹತ್ತಿರ ಓಡಿದಳು.

ದೊರೆ ನಿಟ್ಟುಸಿರು ಬಿಟ್ಟ. "ಬರೆದದ್ದನ್ನೆಲ್ಲ ನಂಬಿಕೊಂಡು ಇಷ್ಟು ದಿನ ಶುದ್ಧ ದಡ್ಡನಾಗಿದ್ದೆನಲ್ಲ, ಬೊಮ್ಮಕ್ಕ!"

ದೊರೆ ಬಾಯಿ ತೆರೆದರೆ ಬರೆದುಕೊಳ್ಳುವ ಅಭ್ಯಾಸದ ಓಲಗದ ಕರಣಿಕ ಲೇಖನಿ ಎತ್ತಿದ. ಬೊಮ್ಮಕ್ಕ ಅವನ ಕೈ ಹಿಡಿದಳು.

"ಅದನ್ನು ಬರೆಯಬೇಡಪ್ಪ. ನಿಜವಾದದ್ದನ್ನು ಬರೆಯುವ ಪದ್ಧತಿ ನಮ್ಮಲ್ಲಿ ಇನ್ನೂ ಶುರುವಾಗಿಲ್ಲ."