ತಂಬೂರಿಗೆ ಮೊದಲು ಬರುವ ಹೆಸರು

ಮಲಪ್ರಭೆಯ ದಂಡೆಯಲ್ಲಿ ಒಂದು ಸಂಗೀತದ ಆಶ್ರಮ. ಹಾಡು ಕಲಿಸುವ ಅಜ್ಜಾರಿಗೆ ಕಣ್ಣಿಲ್ಲ, ಕಲಿಯುವವರಲ್ಲೂ ಬಹಳ ಮಂದಿಗೆ ಕಣ್ಣಿಲ್ಲ. ಶಿಷ್ಯ ಮಹಾಂತನಿಗೆ ಇತ್ತು. ಕಂಪ್ಯೂಟರಿನ ಕೆಲಸವೂ ಗೊತ್ತಿತ್ತು.

ಆಶ್ರಮದ ಹಳೆಯ ಕಂಪ್ಯೂಟರಿನೊಳಗೆ ಒಂದು ತಂಬೂರಿ ಇತ್ತು. ಶ್ರುತಿ ಹೇಳಿದರೆ ಸಾಕು, ಬೇಕಾದಷ್ಟು ಹೊತ್ತು ನುಡಿಯುವ ತಂತ್ರಾಂಶ. ಸುಗಂಧಾ ಹೆರೂರ ಎಂಬ ಯಾರೋ ಹೆಣ್ಣುಮಗಳು ಮಾಡಿ, ಲೋಕಕ್ಕೆಲ್ಲ ಪುಕ್ಕಟೆ ಕೊಟ್ಟಿದ್ದಳು. ತಿದ್ದಿಕೊಳ್ಳಿ, ಹಂಚಿಕೊಳ್ಳಿ, ನನ್ನ ಹೆಸರು ಮಾತ್ರ ಅಳಿಸಬೇಡಿ ಎಂದಿದ್ದಳು. ಅಂಥ ಮಾಲಿಗೆ ಅಷ್ಟೇ ಕರಾರು.

ಗುರುವಿನ ಹೆಸರು ಬಂದಾಗ ಹಾಡುವವರು ಕಿವಿ ಮುಟ್ಟಿಕೊಳ್ಳುವುದು ರೂಢಿ. ಅಜ್ಜಾರು ಆ ಮರ್ಯಾದೆಯನ್ನು ತಂಬೂರಿ ಮಾಡಿದವರಿಗೂ ಸಲ್ಲಿಸುತ್ತಿದ್ದರು. ತಂಬೂರಿ ಶುರುವಾಗುವ ಮೊದಲು ಕಂಪ್ಯೂಟರ್ ಆಕೆಯ ಹೆಸರು ಹೇಳುತ್ತಿತ್ತು; ಆಗೆಲ್ಲ ಎಲ್ಲರ ಕೈಯೂ ಕಿವಿಗೆ ಹೋಗುತ್ತಿತ್ತು.

ಕಂಪ್ಯೂಟರ್ ಕೆಟ್ಟು ನಿಂತಿತು. ಮಹಾಂತ ಮಳೆಗಾಲವೆಲ್ಲ ಕೂತು ಅದೇ ತಂಬೂರಿಯನ್ನು ಮೊಬೈಲಿಗೆ ಒಗ್ಗಿಸಿದ. ನಾಳೆ ಬೇರೆ ಊರುಗಳ ಗಾಯಕರು ಬಂದು ಅದನ್ನು ತಮ್ಮ ತಮ್ಮ ಮೊಬೈಲಿಗೆ ಹಾಕಿಸಿಕೊಂಡು ಹೋಗುವವರಿದ್ದರು. ಅದಕ್ಕೆ ಮೊದಲು ಅಜ್ಜಾರು ಒಂದು ಸಲ ಕಿವಿ ಮುಟ್ಟಿಕೊಳ್ಳಬೇಕು, ತನ್ನ ಹೆಸರಿಗೆ. ಅವನಿಗೆ ಬೇಕಾಗಿದ್ದ ಕೂಲಿ ಅದೊಂದೇ.

ಮೊಬೈಲ್ ನುಡಿಯಿತು: “ಈ ತಂಬೂರಿ ಮಾಡಿದವರು ಮಹಾಂತ.”

ಕಿವಿಯತ್ತ ಹೊರಟಿದ್ದ ಅಜ್ಜಾರ ಕೈ ನಡುವೆಯೇ ನಿಂತಿತು.

“ಆ ಹೆಣ್ಣಮಗಳು ಎಲ್ಲಿ ಹೋದ್ಲೋ?”

“ಒಂದ್ ಸಾಲು ರೀ ಅಜ್ಜಾರ, ತಗದೆ. ದನಿಯೊಳಗ ಏನೂ ಫರಕ್ ಆಗೂದಿಲ್ಲ. ಮೊಬೈಲಿಗೆ ತಂದಾಂವ ನಾನ ಅಲ್ರೀ?”

“ಹೌದಪಾ, ನೀನ. ಆ ಮೂಲ್ಯಾಗಿಂದ ನನ್ನ ತಂಬೂರಿ ತಾ.”

ತಂದುಕೊಟ್ಟ. ಅಜ್ಜಾರು ಒಂದು ತಂತಿ ಮೀಟಿದರು. ಕೋಣೆ ತುಂಬಿತು. ಆಮೇಲೆ ಬೆರಳಾಡಿಸಿ, ಆ ತಂತಿಯ ಬುಡದಲ್ಲಿ ಸಿಕ್ಕಿಸಿದ್ದ ಹತ್ತಿಯ ಎಳೆಯನ್ನು ಜಗ್ಗಿ ತೆಗೆದು, ಮತ್ತೆ ಮೀಟಿದರು. ಠಣ್ ಎಂದು ಅಲ್ಲೇ ಮುಗಿಯಿತು ನಾದ.

“ಏನರ ಫರಕ್?”

“ಜೀವ ಹೋತ್ರೀ.”

“ತಂತಿ ಐತಿ, ಬುರುಡಿ ಐತಿ. ನಾ ತಗದದ್ದು ಎಷ್ಟ್ ದೊಡ್ಡದಿತ್ತು?”

ಮಹಾಂತ ಅಂಗೈ ಒಡ್ಡಿದ. ಅಜ್ಜಾರು ಎಳೆಯನ್ನು ಅದರಲ್ಲಿಟ್ಟರು. ಇದೆಯೋ ಇಲ್ಲವೋ ಎಂಬಂತಿತ್ತು.

ಮಹಾಂತ ಹೊಳೆಯ ಮೆಟ್ಟಿಲ ಮೇಲೆ ಹೋಗಿ ಕೂತ. ಹೊತ್ತು ಇಳಿಯುವಾಗ ತಿರುಗಿ ಬಂದ.

“ಈ ತಂಬೂರಿ ಮಾಡಿದವರು ಸುಗಂಧಾ ಹೆರೂರ” ಎಂದಿತು ಮೊಬೈಲ್.

ಅಜ್ಜಾರು ಕಿವಿ ಮುಟ್ಟಿಕೊಂಡರು. ಮುಂದೆ ಇನ್ನೇನೋ ಬರುತ್ತದೆಂದು ಕಾದರು. ತಂಬೂರಿ ಶುರುವಾಯಿತು.

“ಬಂದ್ ಮಾಡು. ನೀ ಎಲ್ಲಿ ಹೋದಿ?”

“ನನ್ನ ಹೆಸರು ಬ್ಯಾಡ್ರೀ ಅಜ್ಜಾರ. ನಾಚಿಕಿ ಆತು.”

“ನಾಚಿಕಿ ನಿನ್ನ ಹಂತೇಕ ಇಟಗೋ. ನಾಳೆ ಮೊಬೈಲಿನ್ಯಾಗ ಶ್ರುತಿ ತಪ್ಪಿದ್ರ ಮಂದಿ ಯಾರಿಗೆ ಬೈತಾರ?”

ಮಹಾಂತ ಯೋಚಿಸಿದ. “ಆಕೀಗೆ.”

“ನೀ ಕೆಡಿಸಿದ್ದಕ್ಕ, ಮಾರಿ ನೋಡದ ಆ ತಾಯಿಗೆ ಬೈಸ್ತಿ. ಚಲೋ ಶಿಷ್ಯ.” ಅಜ್ಜಾರ ದನಿ ಸ್ವಲ್ಪ ತಗ್ಗಿತು. “ಮಳಿಗಾಲ ಪೂರಾ ಕೆಮ್ಮಕೋತ ಕುಂತು ಮಾಡೀದಿ. ನನಗ ಕೇಳಸಿಲ್ಲಂತ ತಿಳದೀಯೇನು?”

ಮಹಾಂತ ಮೊಬೈಲ್ ಕೈಗೆತ್ತಿಕೊಂಡ. ಅಲ್ಲೇ ಕೂತು ಇನ್ನೊಂದು ಸಾಲು ಸೇರಿಸಿದ.

“ಈ ತಂಬೂರಿ ಮಾಡಿದವರು ಸುಗಂಧಾ ಹೆರೂರ. ಮೊಬೈಲಿಗೆ ತಂದವನು ಮಹಾಂತ. ತಪ್ಪಿದ್ದರೆ ಅವನದು.”

ಮೊದಲ ಹೆಸರಿಗೆ ಅಜ್ಜಾರು ತಮ್ಮ ಕಿವಿ ಮುಟ್ಟಿಕೊಂಡರು. ಎರಡನೆಯದಕ್ಕೆ ಅವರ ಕೈ ಗಾಳಿಯಲ್ಲಿ ತಡಕಾಡಿ, ಮಹಾಂತನ ಕಿವಿ ಹುಡುಕಿ, ಮೆಲ್ಲಗೆ ಹಿಂಡಿತು.

“ಈ ಹೆಸರಿಗೆ ಈ ಕಿವಿ. ಇನ್ನ ಹಾಡು.”