ನಡಿಗೆಗೆ ಸಿಕ್ಕ ಸೀಟು

ಬೋರಲಿಂಗಯ್ಯನವರು ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರಾಗಿದ್ದವರು. ನಿವೃತ್ತರಾದ ಮೇಲೆ ಹೊಳೆದಂಡೆಯ ಹಳೆಯ ಮಠದ ಪಕ್ಕದಲ್ಲಿ ಒಂದು ಕೋಣೆ ಹಾಕಿಕೊಂಡು ಅಲ್ಲೇ ಉಳಿದುಬಿಟ್ಟರು.

ಸುತ್ತಲಿನ ಊರುಗಳ ಮಕ್ಕಳು ಬೆಳಿಗ್ಗೆ ಸಂಜೆ ಅಲ್ಲಿಗೆ ಬಂದು ಮರಳಿನ ಮೇಲೆ ಓಡುತ್ತಿದ್ದರು. ಬೋರಲಿಂಗಯ್ಯನವರು ಯಾರನ್ನೂ ಕರೆದಿರಲಿಲ್ಲ. ಬಂದವರನ್ನು ಕಳಿಸಿದ್ದೂ ಇಲ್ಲ.

ಮಾದೇಶ ಅವರ ಶಿಷ್ಯ. ಓಡಲೆಂದು ಬಂದವನು, ಓಡುವ ವಯಸ್ಸು ಮುಗಿದರೂ ಅಲ್ಲಿಂದ ಹೋಗಲಿಲ್ಲ. ಗುರುಗಳ ಮಂಡಿ ಸೋತ ಮೇಲೆ ಮಕ್ಕಳನ್ನು ಓಡಿಸುವ ಕೆಲಸ ಅವನ ಪಾಲಿಗೆ ಬಂತು.

ಅದಕ್ಕೆ ಅವನು ಇನ್ನೊಂದು ಕೆಲಸವನ್ನೂ ಸೇರಿಸಿಕೊಂಡ. ಪಟ್ಟಣದ ದೊಡ್ಡ ಕಾಲೇಜೊಂದು ಪ್ರತಿ ಬೇಸಿಗೆಯಲ್ಲೂ ಆಟಗಾರರನ್ನು ಆರಿಸಿಕೊಳ್ಳುತ್ತಿತ್ತು. ಆಯ್ಕೆಯಾದವರಿಗೆ ಓದು, ಊಟ, ಹಾಸ್ಟೆಲು ಎಲ್ಲವೂ ಕಾಲೇಜಿನದೇ. ಹತ್ತನೇ ತರಗತಿಯ ಮಕ್ಕಳನ್ನು ಮಾದೇಶ ಅದಕ್ಕೆ ತಯಾರು ಮಾಡತೊಡಗಿದ. ಆರಿಸುವವರು ಏನು ನೋಡುತ್ತಾರೆ, ಯಾವುದಕ್ಕೆ ಪೈಪೋಟಿ ಕಡಿಮೆ, ಎಲ್ಲಿ ಜಾಗ ಖಾಲಿ ಇದೆ ಎಂಬುದೆಲ್ಲ ಅವನಿಗೆ ಬಾಯಿಪಾಠ.

ಶಿವಮಲ್ಲಿ ಎಂಬ ಹುಡುಗಿ ದೂರದ ಓಟಕ್ಕೆ ಬರುತ್ತಿದ್ದಳು. ಓಡುವಾಗ ಅವಳಿಗೆ ಮೈಮೇಲೆ ಎಚ್ಚರವೇ ಇರುತ್ತಿರಲಿಲ್ಲ. ಗೆದ್ದೆನೋ ಸೋತೆನೋ ಎಂಬುದನ್ನು ಪಕ್ಕದವರನ್ನು ಕೇಳಿ ತಿಳಿಯಬೇಕಿತ್ತು. ಹೆಚ್ಚಾಗಿ ಸೋಲುತ್ತಿದ್ದಳು. ಜಿಲ್ಲೆಯಲ್ಲಿ ಅವಳಿಗಿಂತ ಚುರುಕಾದವರು ಬೇಕಾದಷ್ಟು ಮಂದಿ ಇದ್ದರು.

ಹತ್ತನೇ ತರಗತಿಗೆ ಓದು ಸಾಕು ಎಂದು ಅವಳ ಮನೆಯಲ್ಲಿ ತೀರ್ಮಾನವಾಗಿತ್ತು. ಗಂಡು ನೋಡುವ ಮಾತೂ ಎದ್ದಿತ್ತು. ಇದು ಮಾದೇಶನ ಕಿವಿಗೆ ಬಿತ್ತು.

ಒಂದು ಬೆಳಿಗ್ಗೆ ಅವನು ಅವಳನ್ನು ಕರೆದ.

"ಇನ್ನು ಮೇಲೆ ನೀನು ಓಡಬೇಡ. ನಡಿ."

"ನಡಿಯೋದಾ ಸಾರ್?"

"ವೇಗದ ನಡಿಗೆ. ಒಂದು ಕಾಲು ಯಾವಾಗಲೂ ನೆಲದ ಮೇಲೇ ಇರಬೇಕು. ಎರಡೂ ಎದ್ದರೆ ಹೊರಗೆ ಹಾಕ್ತಾರೆ. ಇದಕ್ಕೆ ಬರೋ ಹುಡುಗಿಯರೇ ಇಲ್ಲ. ಮನಸ್ಸಿಟ್ಟು ಕಲಿತರೆ ಸೀಟು ನಿನ್ನದೇ."

ಶಿವಮಲ್ಲಿ ಮರಳನ್ನು ನೋಡುತ್ತ ನಿಂತಳು.

"ಓಟ ಬಿಟ್ಟುಬಿಡಬೇಕಾ ಸಾರ್?"

"ಈ ಒಂದು ವರ್ಷ ಮಾತ್ರ. ಸೇರಿಕೊಂಡ ಮೇಲೆ ಎಷ್ಟು ಬೇಕಾದರೂ ಓಡು."

ಅವಳು ತಲೆಯಾಡಿಸಿದಳು.

ಅಂದು ಸಂಜೆ ಬೋರಲಿಂಗಯ್ಯನವರು ಕೇಳಿದರು. "ಆ ಹುಡುಗಿಯನ್ನು ಕೇಳಿದೆಯಾ?"

"ಹೇಳಿದೆ ಗುರುಗಳೇ. ಒಪ್ಪಿದಳು."

"ಕೇಳಿದೆಯಾ ಅಂದೆ."

ಗುರುಗಳು ಮತ್ತೆ ಕೇಳಲಿಲ್ಲ.

ಆ ವರ್ಷವೆಲ್ಲ ಶಿವಮಲ್ಲಿ ನಡೆದಳು. ಉಳಿದವರು ಓಡಿ ಹೋಗುತ್ತಿದ್ದರೆ ಇವಳು ಸೊಂಟ ತಿರುಗಿಸುತ್ತ, ಮಂಡಿ ನೆಟ್ಟಗೆ ಮಾಡಿ, ಹಿಮ್ಮಡಿ ಊರಿ ಊರಿ ಅವರ ಹಿಂದೆ ಹೋಗುತ್ತಿದ್ದಳು. ಕಾಲು ಎದ್ದರೆ ಮಾದೇಶ ಪೀಪಿ ಊದುತ್ತಿದ್ದ. ಮೊದಮೊದಲು ಗಳಿಗೆಗೊಮ್ಮೆ ಊದಬೇಕಾಗುತ್ತಿತ್ತು. ಬರಬರುತ್ತ ಪೀಪಿಗೆ ಕೆಲಸವಿಲ್ಲದಾಯಿತು.

ಬೇಸಿಗೆಯಲ್ಲಿ ಅವಳು ಆಯ್ಕೆಯಾದಳು. ಅವಳಪ್ಪ ಬಂದು ಮಾದೇಶನ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡ. ಗಂಡಿನ ಮಾತು ಅಲ್ಲಿಗೆ ನಿಂತಿತು. ಮಾದೇಶನಿಗೂ ಒಂದು ದೊಡ್ಡ ಕೆಲಸ ಮಾಡಿದೆ ಅನ್ನಿಸಿತು. ಮಾಡಿದ್ದೂ ನಿಜವೇ.

ಎರಡು ವರ್ಷ ಕಳೆದು ರಜಕ್ಕೆ ಬಂದಾಗ ಶಿವಮಲ್ಲಿ ಹೊಳೆದಂಡೆಗೆ ಬಂದಳು. ಕೈಕಾಲು ಗಟ್ಟಿಯಾಗಿದ್ದವು, ಮಾತು ನಯವಾಗಿತ್ತು. ಮಕ್ಕಳು ಅವಳನ್ನು ಮುತ್ತಿಕೊಂಡು, "ಅಕ್ಕಾ, ನಮ್ಮ ಜೊತೆ ಓಡಿ ಬನ್ನಿ" ಎಂದು ಹಟ ಹಿಡಿದರು.

ಅವಳು ನಕ್ಕು, ಸೆರಗಿನಂತೆ ಹೊದ್ದಿದ್ದ ವೇಲನ್ನು ಸೊಂಟಕ್ಕೆ ಬಿಗಿದು ಹೊರಟಳು.

ಕಾಲು ಏಳಲಿಲ್ಲ. ಹಿಮ್ಮಡಿ ತಾನಾಗಿಯೇ ನೆಲ ಹುಡುಕಿತು, ಮಂಡಿ ತಾನಾಗಿಯೇ ಬಿಗಿಯಿತು. ಓಡಲು ಒದ್ದಾಡಿದಷ್ಟೂ ಅವಳು ನಡೆಯುತ್ತಲೇ ಇದ್ದಳು. ಮಕ್ಕಳು ತಮಾಷೆ ಮಾಡುತ್ತಿದ್ದಾಳೆಂದುಕೊಂಡು ನಗುತ್ತ ಮುಂದೆ ಹೋದರು. ಅವಳೂ ನಕ್ಕಳು. ಆಮೇಲೆ ನಿಂತಳು.

ಮಾದೇಶ ಹತ್ತಿರ ಹೋದ.

"ಬರ್ತಾ ಇಲ್ಲ ಸಾರ್" ಅಂದಳು.

"ಅಲ್ಲಿ ಓಡೋದೇ ಇಲ್ಲವಾ?"

"ಬಿಡಲ್ಲ. ಓಡಿದರೆ ನಡಿಗೆ ಕೆಡುತ್ತೆ ಅಂತಾರೆ. ಸೀಟು ಕೊಟ್ಟಿರೋದು ನಡಿಗೆಗೆ ಅಲ್ವಾ?"

ಹೋಗುವಾಗ ಅವಳು ಅವನ ಕಾಲು ಮುಟ್ಟಿ ನಮಸ್ಕರಿಸಿದಳು. "ಡಿಗ್ರಿಗೂ ಅಲ್ಲೇ ಸೇರಿಸ್ಕೋತಾರಂತೆ. ಎಲ್ಲ ನಿಮ್ಮಿಂದ ಸಾರ್."

ಮಾದೇಶ ಗುರುಗಳ ಬಳಿ ಬಂದು ಕೂತ.

"ಓಟದಲ್ಲಿ ಅವಳನ್ನು ಯಾರೂ ಆರಿಸ್ತಿರಲಿಲ್ಲ ಗುರುಗಳೇ."

"ಇಲ್ಲ."

"ಇಷ್ಟು ಹೊತ್ತಿಗೆ ಮದುವೆ ಮಾಡಿಬಿಡ್ತಿದ್ದರು."

"ಮಾಡ್ತಿದ್ದರು."

"ಹಾಗಾದರೆ ನಾನು ಮಾಡಿದ್ದು ಸರಿಯಲ್ಲವಾ?"

"ಸರಿಯೇ."

"ಮತ್ತೆ ಯಾಕೆ ಹೀಗೆ ಸಂಕಟವಾಗುತ್ತೆ?"

"ನಾಳೆ ಮಕ್ಕಳು ಓಡುವಾಗ ನೀನೂ ಹೋಗು. ಅವಳಿಗೆ ಕಲಿಸಿದ ಹಾಗೆ ನಡೆದುಕೊಂಡು ಹೋಗು" ಎಂದಷ್ಟೇ ಹೇಳಿ ಬೋರಲಿಂಗಯ್ಯನವರು ಎದ್ದರು.

ಮರುದಿನ ಮಾದೇಶ ಹಾಗೆಯೇ ಮಾಡಿದ. ಬಾಲ್ಯದಿಂದ ಓಡಿದ್ದ ಮರಳು. ಕಾಲು ಏಳಲು ಹವಣಿಸುತ್ತಿತ್ತು, ಅವನು ಹಿಡಿದು ಹಿಡಿದು ಊರಿದ. ಮಕ್ಕಳು ಅವನನ್ನು ದಾಟಿ ಹೋದರು. ಚಿಕ್ಕವರೂ ದಾಟಿ ಹೋದರು. ಹೊಳೆ ತಿರುಗುವಲ್ಲಿ ಎಲ್ಲರೂ ಮರೆಯಾದರು.

ಮರಳಿ ಬಂದಾಗ ಗುರುಗಳು ಕೇಳಿದರು. "ಏನು ಕಂಡೆ?"

"ಬೆನ್ನುಗಳನ್ನು."

"ಮತ್ತೆ?"

ಮಾದೇಶ ತಲೆ ತಗ್ಗಿಸಿದ. "ಅವಳಿಗೆ ಸುಳ್ಳು ಹೇಳಿದ್ದೆ. ಸೇರಿಕೊಂಡ ಮೇಲೆ ಓಡು ಅಂದಿದ್ದೆ. ಅಲ್ಲಿ ಬಿಡೋದಿಲ್ಲ ಅನ್ನೋದು ನನಗೆ ಆಗಲೇ ಗೊತ್ತಿತ್ತು."

"ಅದನ್ನು ನನಗೆ ಯಾಕೆ ಹೇಳ್ತೀಯೆ?"

ಮಾದೇಶ ನೇರ ಶಿವಮಲ್ಲಿಯ ಊರಿಗೆ ಹೋದ. ಅವಳು ಜಗಲಿಯಲ್ಲಿ ಕೂತು, ಹಾಸ್ಟೆಲಿಗೆ ಒಯ್ಯುವ ಬಟ್ಟೆ ಮಡಿಸುತ್ತಿದ್ದಳು. ಅವನು ನಿಂತಲ್ಲೇ ಇದ್ದದ್ದನ್ನು ಇದ್ದ ಹಾಗೆ ಹೇಳಿದ.

ಶಿವಮಲ್ಲಿ ಕೈಯಲ್ಲಿದ್ದ ಬಟ್ಟೆಯನ್ನು ಪೂರ್ತಿ ಮಡಿಸಿ ಕೆಳಗಿಟ್ಟಳು.

"ಅಲ್ಲಿಗೆ ಹೋದ ಒಂದು ವಾರದೊಳಗೇ ನನಗೆ ತಿಳೀತು ಸಾರ್."

"ಒಂದು ಮಾತೂ ಹೇಳಲಿಲ್ಲವಲ್ಲ."

"ನನಗೋಸ್ಕರ ಅಷ್ಟು ಕಷ್ಟಪಟ್ಟಿದ್ರಿ. ನಿಮಗೆ ಬೇಜಾರಾಗುತ್ತೆ ಅಂತ."

ಮಾದೇಶನಿಗೆ ಅವಳ ಮುಖ ನೋಡಲಾಗಲಿಲ್ಲ. "ಆಗಲೇ ನಿಜ ಹೇಳಿದ್ದರೆ ಏನು ಮಾಡ್ತಿದ್ದೆ?"

ಅವಳು ಯೋಚಿಸಿದಳು.

"ಹೋಗ್ತಿದ್ದೆ ಅನ್ಸುತ್ತೆ. ಆದರೆ ಹೋಗೋ ಮುಂಚೆ ಒಂದು ಸಲ ಮನಸಾರೆ ಓಡಿರ್ತಿದ್ದೆ ಸಾರ್. ನೀವು ಕರೆದಿರಲ್ಲ, ಅದರ ಹಿಂದಿನ ದಿನ ಕಾಲು ನೋವು ಅಂತ ಅರ್ಧಕ್ಕೇ ನಿಂತುಬಿಟ್ಟಿದ್ದೆ. ಅದೇ ಕೊನೇದು ಅಂತ ಗೊತ್ತಿರಲಿಲ್ಲ."

ಮಾದೇಶ ಹೊಳೆದಂಡೆಗೆ ಬರುವಷ್ಟರಲ್ಲಿ ಹೊತ್ತು ಇಳಿದಿತ್ತು. ಗುರುಗಳಿಗೆ ಅವಳ ಮಾತನ್ನು ಹೇಳಿದ.

"ಅವಳಿಗೆ ಆ ಓಟವನ್ನು ಹೇಗೆ ಮರಳಿ ಕೊಡಲಿ ಗುರುಗಳೇ?"

"ಕೊಡಲಾಗದು."

ಸಂಜೆಯ ಮಕ್ಕಳು ಒಬ್ಬೊಬ್ಬರಾಗಿ ಬರುತ್ತಿದ್ದರು. ಆ ವರ್ಷದ ಹೊಸಬರು. ಮಾದೇಶ ಅವರ ಕಾಲುಗಳನ್ನೇ ನೋಡುತ್ತ ಕೂತ.

"ಈ ಸಲವೂ ನಡಿಗೆಗೇ ಜಾಗ ಖಾಲಿ ಇದೆ. ಇವರಿಗೆ ಏನು ಹೇಳಲಿ?"

"ನಿನಗೆ ಗೊತ್ತಿರೋದನ್ನು."

"ಅಷ್ಟನ್ನೂ?"

"ಅಷ್ಟನ್ನೂ."

"ಅಷ್ಟನ್ನೂ ಹೇಳಿದರೆ ಕೆಲವರು ಒಪ್ಪೋದಿಲ್ಲ ಗುರುಗಳೇ. ಕೈಗೆ ಬಂದ ಸೀಟು ತಪ್ಪುತ್ತೆ."

ಬೋರಲಿಂಗಯ್ಯನವರು ಮರಳಿನತ್ತ ನೋಡಿದರು.

"ಒಪ್ಪದವರು ಓಡಲಿ."