ಲ್ಯಾನ್ಸಿ ತುಂಬಿಸಿದ ಕೂಲೆಂಟ್

ಮಂಗಳೂರಿನ ರೇಗೊ ಮನೆತನ ನಾಲ್ಕು ತಲೆಮಾರಿನಿಂದ ಮರ್ಯಾದೆಗೆ ಹೆಸರಾದದ್ದು. ಇಗರ್ಜಿಗೆ ಗಂಟೆ ಕೊಟ್ಟವರು ಸೆವರಿನಮ್ಮನ ಮಾವನ ಅಜ್ಜ. ಅಂಥ ಮನೆಯ ಯಜಮಾನರು, ಸೆವರಿನಮ್ಮನ ಗಂಡ, ಆಸ್ಪತ್ರೆಯ ದಾರಿಯಲ್ಲೇ ತೀರಿಕೊಂಡರು. ಎಂಜಿನ್ ಕಾದು ಕಾರು ನಡುದಾರಿಯಲ್ಲಿ ನಿಂತುಬಿಟ್ಟಿತ್ತು. ಅಂದಿನಿಂದ ಸೆವರಿನಮ್ಮ ಡ್ರೈವರ್ ಐತಪ್ಪನ ಮುಖ ನೋಡಿರಲಿಲ್ಲ.

ಏಳನೆಯ ದಿನದ ಬಲಿಪೂಜೆ ಮುಗಿದದ್ದೇ ತಡ, ಮೈದುನ ಲ್ಯಾನ್ಸಿ ನೆಂಟರೆದುರು ಐತಪ್ಪನ ಮೇಲೆ ಹರಿಹಾಯ್ದ.

"ಹಿಂದಿನ ದಿನವೇ ನಾನು ಕಾರಿನ ಪುಸ್ತಕ ನೋಡಿ, ಎಂಜಿನ್ ತಂಪಾಗಿಡುವ ಸರಿಯಾದ ಕೆಂಪು ಕೂಲೆಂಟನ್ನೇ ತಂದು ತುಂಬಿಸಿದ್ದೆ. ಬಾನೆಟ್ ಮುಟ್ಟಬೇಡ ಅಂದಿದ್ದೆ. ಓಡಿಸಲು ಬಾರದೆ ಅಣ್ಣನನ್ನು ಕೊಂದೆಯಲ್ಲೋ! ನಾಳೆಯಿಂದ ಬರಬೇಡ."

ಐತಪ್ಪ ಕೈಮುಗಿದ. "ನಾನು ಓದದವನು ದಣಿ. ಎಲ್ಲಿ ತುಂಬಿಸಿದಿರಿ, ಒಮ್ಮೆ ತೋರಿಸಿಕೊಡಿ."

ಲ್ಯಾನ್ಸಿ ಅಂಗಳದಲ್ಲಿದ್ದ ಕಾರಿನ ಬಾನೆಟ್ ಎತ್ತಿ ನೀಲಿ ಮುಚ್ಚಳವೊಂದನ್ನು ಕುಟ್ಟಿದ. "ಇಲ್ಲಿ! ಕಣ್ಣಿಲ್ಲವೇ?"

"ಇದೆ ದಣಿ," ಎಂದ ಐತಪ್ಪ ಬಾನೆಟ್ ಮುಚ್ಚಿ, ಒಳಗೆ ಕುಳಿತು ಕೀಲಿ ತಿರುಗಿಸಿ, ಗಾಜು ತೊಳೆಯುವ ಗುಂಡಿ ಒತ್ತಿದ.

ಮುಂದಿನ ಗಾಜಿನ ಮೇಲೆಲ್ಲ ಕೆಂಪು ಕೂಲೆಂಟ್ ಚಿಮ್ಮಿತು. ವೈಪರ್ ಅದನ್ನು ಅತ್ತಿತ್ತ ಬಳಿಯಿತು. ಎಂಜಿನ್‌ಗೆ ಹೋಗಬೇಕಾದದ್ದು ವೈಪರಿನ ನೀರಿನ ಡಬ್ಬಿ ಸೇರಿತ್ತು. ಲ್ಯಾನ್ಸಿಯ ಎತ್ತಿದ ಬೆರಳು ಮೆಲ್ಲಗೆ ಇಳಿಯಿತು. ಐತಪ್ಪ ಸ್ಟಿಯರಿಂಗ್ ಮೇಲೆ ಹಣೆಯಿಟ್ಟು ಅಳುತ್ತಿದ್ದ.

ಸೆವರಿನಮ್ಮ ಕಣ್ಣೊರೆಸಿಕೊಂಡು ನೆಟ್ಟಗೆ ನಿಂತರು.

"ಲ್ಯಾನ್ಸಿ, ಐತಪ್ಪನ ಕ್ಷಮೆ ಕೇಳು. ಈಗಲೇ, ಇವರೆಲ್ಲರ ಎದುರಿಗೇ."